ಡಿಕ್ರಿ ಬಂದರೂ ಜಮೀನು ಬಾರದೇಕೆ?

ಪ್ರಶ್ನೆ: ನನಗೀಗ 61 ವರ್ಷ. ಮದುವೆಯಾದದ್ದು 1986ರಲ್ಲಿ. ತಾಯಿ ಮೊದಲೇ ತೀರಿಕೊಂಡಿದ್ದರು, ತಂದೆ 2001ರಲ್ಲಿ ಹೋದರು. ಪಿತ್ರಾರ್ಜಿತ ತೆಂಗಿನ ತೋಟ, ಹೊಲ ಮತ್ತು ಊರಿನ ಮನೆಯಲ್ಲಿ ಪಾಲು ಕೊಡಲು ಇಬ್ಬರು ಅಣ್ಣಂದಿರೂ ಒಪ್ಪಲಿಲ್ಲ. 2011ರಲ್ಲಿ ದಾವೆ ಹಾಕಿದೆ. ನಡುವೆ ದೊಡ್ಡಣ್ಣ ತೀರಿಕೊಂಡರು. 2016ರಲ್ಲಿ ಒಂಬತ್ತರಲ್ಲಿ ಒಂದು ಪಾಲು ಎಂದು ಡಿಕ್ರಿಯಾಯಿತು, ಮೇಲ್ಮನವಿಯಲ್ಲಿ 2021ರಲ್ಲಿ ಅದು ಮೂರರಲ್ಲಿ ಒಂದಾಯಿತು. ಚಿಕ್ಕಣ್ಣ ಹೈಕೋರ್ಟಿಗೆ ಹೋಗಿದ್ದಾರೆ. 2022ರಲ್ಲಿ ಎಫ್‌ಡಿಪಿ (ಅಂತಿಮ ಡಿಕ್ರಿಗಾಗಿ ಪ್ರತ್ಯೇಕ ಅರ್ಜಿ) ಹಾಕಿದ್ದೇವೆ, ಇವತ್ತಿಗೂ ಒಂದು ಗುಂಟೆ ಕೈಗೆ ಬಂದಿಲ್ಲ. ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸಿ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? ನನ್ನ ಕಾಲದಲ್ಲಿ ಇದು ಮುಗಿಯುತ್ತದೆಯೇ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ನಿಮ್ಮ ಪತ್ರದ ಭಾರವೆಲ್ಲ ಅದರ ಮೇಲಿದೆ. ಮುಗಿಸಬಹುದು. ನಿಮ್ಮ ಹಕ್ಕಿನ ಪ್ರಶ್ನೆಗೆ ಕಾನೂನು ಈಗ ಸ್ಪಷ್ಟ ಉತ್ತರ ಕೊಟ್ಟಿದೆ. ಉಳಿದಿರುವುದು ಅಳತೆ, ಹಂಚಿಕೆ, ಸ್ವಾಧೀನ. ಆದರೆ ತನ್ನಷ್ಟಕ್ಕೆ ತಾನೇ ಮುಗಿಯುವ ಕೆಲಸ ಇದಲ್ಲ. ನೀವು ಮತ್ತು ನಿಮ್ಮ ವಕೀಲರು ಬೆನ್ನು ಹತ್ತಬೇಕು. ಹೇಗೆ ಎನ್ನುವುದಕ್ಕೆ ಮುಂದೆ ಬರುತ್ತೇನೆ. ಮೊದಲು ಇಷ್ಟು ವರ್ಷ ಎಲ್ಲಿ ಹೋದವು ಎಂದು ನೋಡೋಣ. ಸುಧಾರಣೆಯ ಬಗ್ಗೆ ನೀವು ಕೇಳಿರುವುದಕ್ಕೆ ಉತ್ತರವೂ ಅಲ್ಲೇ ಇದೆ.

2016ರಿಂದ 2021ರವರೆಗಿನ ಐದು ವರ್ಷವನ್ನು ಬಹುಮಟ್ಟಿಗೆ ನುಂಗಿದ್ದು ಕಾನೂನಿನಲ್ಲೇ ಇದ್ದ ಗೊಂದಲ. ಕರ್ನಾಟಕವು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ನೀವು ಆ ಗೆರೆಯ ಆಚೆ ಉಳಿದಿರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಬಂದ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆದುಹಾಕಿತು. ಆಗ ಬೇರೆ ತಕರಾರು ಎದ್ದಿತು: ಆ ದಿನ ತಂದೆ ಬದುಕಿರಬೇಕೇ, ಬೇಡವೇ? 2015ರಲ್ಲಿ ಸುಪ್ರೀಂ ಕೋರ್ಟ್ ಪ್ರಕಾಶ್ ವಿರುದ್ಧ ಫೂಲಾವತಿ ಪ್ರಕರಣದಲ್ಲಿ ಬದುಕಿರಬೇಕು ಎಂದಿತು. ನಿಮ್ಮ ತಂದೆ 2001ರಲ್ಲೇ ತೀರಿಕೊಂಡಿದ್ದರಿಂದ ಹಳೆಯ ಲೆಕ್ಕ ಅನ್ವಯವಾಯಿತು. ತಂದೆಗೂ ಇಬ್ಬರು ಗಂಡುಮಕ್ಕಳಿಗೂ ಮೂರನೇ ಒಂದೊಂದು, ತಂದೆಯ ಆ ಮೂರನೇ ಒಂದರಲ್ಲಿ ನಿಮಗೆ ಮೂರನೇ ಒಂದು, ಅಂದರೆ ಒಟ್ಟಾರೆ ಒಂಬತ್ತರಲ್ಲಿ ಒಂದು. 2018ರ ದಾನಮ್ಮ ತೀರ್ಪು ಬೇರೆ ದಾರಿ ಹಿಡಿಯಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಇತ್ಯರ್ಥ ಮಾಡಿತು. ಫೂಲಾವತಿ, ದಾನಮ್ಮ ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣಗಳು. ಶಾಸನ ಬರೆಯುವಾಗ ಒಂದು ಸಾಲು ಬಿಡಿಸಿ ಬರೆದಿದ್ದರೆ ಸಾವಿರಾರು ಹೆಣ್ಣುಮಕ್ಕಳಿಗೆ ಹದಿನೈದು ವರ್ಷ ಉಳಿಯುತ್ತಿತ್ತು. ನ್ಯಾಯಾಂಗ ಸುಧಾರಣೆಯ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಕಾನೂನು ಬರೆಯುವ ಮೇಜಿನ ಮೇಲೆಯೇ ಎಷ್ಟೋ ವಿಳಂಬ ಹುಟ್ಟಿಕೊಳ್ಳುತ್ತದೆ.

ಉಳಿದ ವರ್ಷಗಳ ಕಥೆ ಬೇರೆ. ನಿಮ್ಮ ಮೂಲ ದಾವೆಯ ಆರ್ಡರ್ ಶೀಟಿನ ದೃಢೀಕೃತ ನಕಲನ್ನು ತೆಗೆಸಿ ಒಂದು ಮಧ್ಯಾಹ್ನ ಕೂತು ಓದಿ. ಪ್ರತಿ ವಾಯಿದೆಯ ದಿನ ಕೋರ್ಟಿನಲ್ಲಿ ಏನು ನಡೆಯಿತು ಎಂದು ಎರಡು ಮೂರು ಸಾಲಿನಲ್ಲಿ ಬರೆದಿಡುವ ಹಾಳೆಗಳವು. ಇಂಥ ದಾವೆಗಳಲ್ಲಿ ಅಲ್ಲಿ ಕಾಣುವ ಸಾಲುಗಳನ್ನು ನಾನು ಈಗಲೇ ಹೇಳಬಲ್ಲೆ. "2ನೇ ಪ್ರತಿವಾದಿಗೆ ಸಮನ್ಸು ಜಾರಿಯಾಗಿಲ್ಲ, ಮನೆಗೆ ಬೀಗ." "ಪ್ರೊಸೆಸ್ ಫೀ (ಸಮನ್ಸು ಕಳಿಸುವ ಶುಲ್ಕ) ಕಟ್ಟಿಲ್ಲ." "ಲಿಖಿತ ಹೇಳಿಕೆಗೆ (ದಾವೆಗೆ ಪ್ರತಿವಾದಿಯ ಉತ್ತರಕ್ಕೆ) ಸಮಯ ಕೋರಿಕೆ, ಕೊನೆಯ ಅವಕಾಶ." ಮುಂದಿನ ವಾಯಿದೆಯಲ್ಲಿ ಮತ್ತೆ "ಕೊನೆಯ ಅವಕಾಶ". "ಪಿಡಬ್ಲ್ಯು 1 (ವಾದಿಯ ಮೊದಲ ಸಾಕ್ಷಿ) ಹಾಜರ್, ಪಾಟಿ ಸವಾಲಿಗೆ ಸಮಯ ಕೋರಿದ್ದಾರೆ, 200 ರೂ. ಖರ್ಚಿನ ಮೇಲೆ ಮಂಜೂರು." "ನ್ಯಾಯಾಧೀಶರು ರಜೆಯಲ್ಲಿದ್ದಾರೆ." "1ನೇ ಪ್ರತಿವಾದಿ ಮೃತಪಟ್ಟಿದ್ದಾರೆಂದು ಮೆಮೊ. ವಾರಸುದಾರರನ್ನು ದಾಖಲಿಸಲು ಕ್ರಮಕ್ಕಾಗಿ." ಆ ಕೊನೆಯ ಸಾಲಿನಿಂದ ಒಂದು ವರ್ಷ ಸುಲಭವಾಗಿ ಕಳೆದುಹೋಗುತ್ತದೆ. ಪ್ರತಿವಾದಿ ತೀರಿಕೊಂಡರೆ 90 ದಿನದೊಳಗೆ ವಾರಸುದಾರರನ್ನು ತರಬೇಕು, ಇಲ್ಲವಾದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಕಕ್ಷಿದಾರನ ಸಾವನ್ನು ಕೋರ್ಟಿಗೆ ತಿಳಿಸುವುದು ಅವನ ವಕೀಲನ ಕರ್ತವ್ಯ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೇ ಆದೇಶ ಹೇಳುತ್ತದೆ. ಆದರೂ ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಮೆಮೊ ಹಾಕುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ ವಿಧವೆ ಅತ್ತಿಗೆ, ಅವರ ಮಕ್ಕಳು, ಬೆಂಗಳೂರಿನಲ್ಲಿರುವ ಒಬ್ಬ, ಗಂಡನ ಮನೆಯಲ್ಲಿರುವ ಒಬ್ಬಳು, ಇವರೆಲ್ಲರಿಗೂ ಮತ್ತೆ ಮೊದಲಿನಿಂದ ಸಮನ್ಸು.

ಆ ಹಾಳೆಗಳನ್ನು ಓದುವಾಗ ಪ್ರತಿ ವಾಯಿದೆಯ ಎದುರಿಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ಅದನ್ನು ಕೇಳಿದವರು ಯಾರು? ಎದುರು ಪಕ್ಷವೋ, ನಿಮ್ಮ ಪಕ್ಷವೋ, ಕೋರ್ಟೋ, ಇಲ್ಲ ಕಂದಾಯ ಇಲಾಖೆಯೋ? ನಿಮ್ಮ ಕಡೆಯಿಂದಲೇ ತಪ್ಪಿದ ವಾಯಿದೆಗಳು ನೀವು ಎಣಿಸಿದ್ದಕ್ಕಿಂತ ಹೆಚ್ಚಿರಬಹುದು. ಅದನ್ನು ತಿಳಿದುಕೊಳ್ಳುವ ಹಕ್ಕು ನಿಮಗಿದೆ, ವಕೀಲರಿಗೆ ಬೇಸರವಾದೀತು ಎಂದು ಹಿಂಜರಿಯಬೇಡಿ.

ಇದನ್ನೆಲ್ಲ ತಡೆಯಲು ಕಾನೂನು ಇಲ್ಲವೇ ಎಂದರೆ, ಇದೆ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಗಳ ಪ್ರಕಾರ ಲಿಖಿತ ಹೇಳಿಕೆಯನ್ನು 30 ದಿನದೊಳಗೆ, ಹೆಚ್ಚೆಂದರೆ 90 ದಿನದೊಳಗೆ ಸಲ್ಲಿಸಬೇಕು. ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಇಲ್ಲ. ಆದರೆ 2005ರಲ್ಲಿ ಸುಪ್ರೀಂ ಕೋರ್ಟ್ 90 ದಿನದ ಮಿತಿ ಮಾರ್ಗದರ್ಶಿ ಮಾತ್ರ, ಅಪವಾದದ ಸಂದರ್ಭಗಳಲ್ಲಿ ಮೀರಬಹುದು ಎಂದಿತು. ಆಸ್ಪತ್ರೆಯಲ್ಲಿ ಮಲಗಿದವನ ವಾದವನ್ನು ಕೇಳದೆ ತೀರ್ಪು ಕೊಡಬಾರದು ಎಂಬ ಕಾಳಜಿ ಅದರ ಹಿಂದಿತ್ತು, ಅದು ತಪ್ಪಲ್ಲ. ಕೆಳಗಿನ ಕೋರ್ಟುಗಳಲ್ಲಿ ಮಾತ್ರ ಅಪವಾದವೇ ರೂಢಿಯಾಗಿಬಿಟ್ಟಿತು. ಇದೇ ದೇಶದಲ್ಲಿ ವಾಣಿಜ್ಯ ದಾವೆಗಳಿಗೆ 2015ರ ಕಾಯ್ದೆ 120 ದಿನದ ಗಡಿ ಹಾಕಿದೆ. ಆ ದಿನ ದಾಟಿದರೆ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಕಂಪನಿಗಳ ಬಾಕಿ ವಸೂಲಿಗೆ ಗಟ್ಟಿ ಗೋಡೆ, ತವರಿನ ಪಾಲು ಕೇಳುವ ಹೆಣ್ಣುಮಗಳಿಗೆ ಎಳೆದಷ್ಟೂ ಹಿಗ್ಗುವ ಗಡುವು. ಇದು ಅನ್ಯಾಯ ಎಂದು ನಾನು ಬಹಿರಂಗವಾಗಿಯೇ ಹೇಳುತ್ತಾ ಬಂದಿದ್ದೇನೆ.

ಈಗ ನಾನು ಮುಖ್ಯವೆಂದುಕೊಂಡಿರುವ ಮಾತು. ನಿಮ್ಮ ದಾವೆ ನಿಧಾನವಾದಷ್ಟೂ ಒಬ್ಬರಿಗೆ ಲಾಭ. 2011ರಿಂದ ಇಲ್ಲಿಯವರೆಗೆ ತೋಟದ ಕಾಯಿ, ಕೊಬ್ಬರಿ ಯಾರ ಮನೆಗೆ ಹೋಗಿದೆ? ಸ್ವಾಧೀನದಲ್ಲಿರುವವರಿಗೆ ಪ್ರತಿ ವಾಯಿದೆಯೂ ಇನ್ನೊಂದಿಷ್ಟು ದಿನದ ಹುಟ್ಟುವಳಿ. ಅದಕ್ಕೆ ಅವರು ತೆರುವುದು 200 ರೂಪಾಯಿ ಖರ್ಚು, ಎಷ್ಟೋ ಸಲ ಅದೂ ಇಲ್ಲ. ಸುಳ್ಳು ಅಥವಾ ಕಿರುಕುಳದ ತಕರಾರಿಗೆ ಪರಿಹಾರ ರೂಪದ ಖರ್ಚು ವಿಧಿಸಲು ಸಂಹಿತೆಯ 35ಎ ಕಲಂ ಇದೆ, ಅದರ ಗರಿಷ್ಠ ಮಿತಿ 3,000 ರೂಪಾಯಿ! ವಾಸ್ತವ ಖರ್ಚನ್ನು ಗೆದ್ದವರಿಗೆ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಹಾಗೆ ಕೊಡಿಸಿದ ಡಿಕ್ರಿಗಳನ್ನು ವಿಚಾರಣಾ ನ್ಯಾಯಾಲಯಗಳಲ್ಲಿ ಹುಡುಕಬೇಕು. ಎಳೆದವನಿಗೆ ನಷ್ಟವಾಗದ ಕಡೆ ಯಾವ ಗಡುವೂ ನಿಲ್ಲುವುದಿಲ್ಲ. ವಾಯಿದೆಗೆ ಇಷ್ಟು ಎಂದು ಫೀ ತೆಗೆದುಕೊಳ್ಳುವ ಪದ್ಧತಿ ನಮ್ಮ ವಕೀಲ ವೃತ್ತಿಯಲ್ಲಿ ಇನ್ನೂ ಇದೆ, ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ನ್ಯಾಯಾಧೀಶರ ಕೊರತೆ ಸುಳ್ಳಲ್ಲ. 1987ರಲ್ಲಿ ಕಾನೂನು ಆಯೋಗ ತನ್ನ 120ನೇ ವರದಿಯಲ್ಲಿ ಹತ್ತು ಲಕ್ಷ ಜನರಿಗೆ 10.5 ನ್ಯಾಯಾಧೀಶರಿದ್ದಾರೆ, ಅದು 50 ಆಗಬೇಕು ಎಂದಿತು. ಐದು ವರ್ಷದೊಳಗೆ ಮಾಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಇವತ್ತಿಗೂ ಮಂಜೂರಾದ ಹುದ್ದೆಗಳ ಲೆಕ್ಕದಲ್ಲೇ ಅದು 25ನ್ನು ಮುಟ್ಟಿಲ್ಲ, ಖಾಲಿ ಹುದ್ದೆಗಳನ್ನು ಕಳೆದರೆ ಇನ್ನೂ ಕಡಿಮೆ. ಜಿಲ್ಲಾ ಹಂತದ ಕೋರ್ಟುಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ, ಅವುಗಳಲ್ಲಿ ಒಂದು ಕೋಟಿಗೂ ಹೆಚ್ಚು ಸಿವಿಲ್. ತಾಲೂಕು ಕೋರ್ಟಿನ ಒಂದು ಬೆಳಗ್ಗೆಯನ್ನು ನೀವೂ ನೋಡಿದ್ದೀರಿ. ಬೋರ್ಡಿನಲ್ಲಿ ಎಪ್ಪತ್ತು, ಎಂಬತ್ತು ಪ್ರಕರಣ. ಹನ್ನೊಂದಕ್ಕೆ ಬೆಂಚ್ ಕ್ಲರ್ಕ್ ಒಂದೊಂದೇ ಹೆಸರು ಕೂಗುತ್ತಾರೆ, ಹಾಜರಿ, ಮೆಮೊ, ಅರ್ಜಿ, ಮುಂದಿನ ತಾರೀಖು. ಕೂಗಾಟ ಮುಗಿಯುವಷ್ಟರಲ್ಲಿ ಬೆಳಗಿನ ಹೊತ್ತಿನ ದೊಡ್ಡ ಪಾಲು ಹೋಗಿರುತ್ತದೆ. ಸಾಕ್ಷಿ ನುಡಿಯಲು ಬಸ್ಸು ಹತ್ತಿ ಬಂದವರಲ್ಲಿ ಅರ್ಧಕ್ಕರ್ಧ ಜನ ಹಾಗೇ ವಾಪಸು. ನ್ಯಾಯಾಧೀಶರು ಸಂಜೆ ಮನೆಗೆ ಕಡತ ಒಯ್ದು ತೀರ್ಪು ಬರೆಯುತ್ತಾರೆ. ಅಷ್ಟರಲ್ಲಿ ವರ್ಗಾವಣೆ ಬಂದರೆ, ವಾದ ಕೇಳಿದವರು ಒಬ್ಬರು, ತೀರ್ಪು ಬರೆಯಬೇಕಾದವರು ಇನ್ನೊಬ್ಬರು, ವಾದ ಮತ್ತೆ ಮೊದಲಿನಿಂದ. ಇಲ್ಲಿ ನ್ಯಾಯಾಧೀಶರನ್ನು ಬೈದು ಪ್ರಯೋಜನವಿಲ್ಲ.

ಕಂಪ್ಯೂಟರ್ ವಿಷಯವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರಾಗಿದೆ. ವಾಯಿದೆ ಯಾವತ್ತು ಎಂದು ತಿಳಿಯಲು ಈಗ ವಕೀಲರ ಗುಮಾಸ್ತರನ್ನು ಕಾಯಬೇಕಿಲ್ಲ, ಮೊಬೈಲಿನಲ್ಲೇ ನೋಡಬಹುದು. ಅದು ದೊಡ್ಡ ಅನುಕೂಲ. ಆದರೆ ಮುಂದೂಡಿದ ಪ್ರಕರಣ ಪರದೆಯ ಮೇಲೆ ಕಂಡರೂ ಮುಂದೂಡಿದ ಪ್ರಕರಣವೇ.

ಬರೀ ಗಡುವು ಹಾಕುವುದರಿಂದ ಏನಾಗುತ್ತದೆ ಎನ್ನುವುದಕ್ಕೂ ಒಂದು ನಿದರ್ಶನವಿದೆ. 2018ರಲ್ಲಿ ಏಷ್ಯನ್ ರಿಸರ್ಫೇಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಕೊಟ್ಟ ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿ ರದ್ದಾಗುತ್ತದೆ ಎಂದಿತು. ಉದ್ದೇಶ ಒಳ್ಳೆಯದೇ. ಆದರೆ ಹೈಕೋರ್ಟಿನಲ್ಲಿ ಸರದಿ ಬಾರದ ಕಾರಣಕ್ಕೆ, ತಪ್ಪೇ ಇಲ್ಲದವರ ತಡೆಯಾಜ್ಞೆಗಳೂ ಬಿದ್ದುಹೋಗತೊಡಗಿದವು. 2024ರ ಫೆಬ್ರುವರಿ 29ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ತೆಗೆದುಹಾಕಿತು. ಕೆಲಸ ಮಾಡುವ ಕೈಗಳನ್ನು ಕೊಡದೆ ದಿನ ಎಣಿಸಿದರೆ ಹೀಗಾಗುತ್ತದೆ.

ನಿಮ್ಮಂಥವರ ಪಾಲಿಗೆ ಅತಿ ಹೆಚ್ಚು ಸಮಯ ಸೋರಿಹೋಗುವುದು ಡಿಕ್ರಿಗೂ ಜಮೀನಿಗೂ ನಡುವೆ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ 1872ರಲ್ಲಿ ಬರೆದಿತ್ತು. ಅದು ಇನ್ನೂ ಬದಲಾಗಿಲ್ಲ. ಪಾಲು ದಾವೆಯಲ್ಲಿ ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅದು ಯಾರಿಗೆ ಎಷ್ಟು ಎಂದು ಹೇಳುತ್ತದೆ. ಯಾವ ಸರ್ವೆ ನಂಬರಿನಲ್ಲಿ, ಯಾವ ಬದು, ಯಾವ ಬಾವಿ, ಯಾವ ದಾರಿ ಎಂದು ಹೇಳುವುದು ಅಂತಿಮ ಡಿಕ್ರಿ. ಇವೆರಡರ ನಡುವೆ ನಮ್ಮಲ್ಲಿ ಎಫ್‌ಡಿಪಿ ಎಂಬ ಬೇರೆ ನಂಬರಿನ ಪ್ರಕರಣ ಹುಟ್ಟುತ್ತದೆ. ಮತ್ತೆ ನೋಟಿಸು, ಮತ್ತೆ ಮನೆಗೆ ಬೀಗ, ಮತ್ತೆ ಆಕ್ಷೇಪಣೆಗೆ ಸಮಯ. ಇದು ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಸೂಚಿಸಿತ್ತು. 2022ರಲ್ಲಿ ಕೇರಳದಿಂದ ಹೋದ ಕಟ್ಟುಕಂಡಿ ಎಡತಿಲ್ ಪ್ರಕರಣದಲ್ಲಿ ನೇರವಾಗಿಯೇ ನಿರ್ದೇಶನ ಕೊಟ್ಟಿತು: ಪ್ರಾಥಮಿಕ ಡಿಕ್ರಿ ಆದ ಕೂಡಲೇ ಕೋರ್ಟ್ ತಾನೇ ಮುಂದಿನ ಕ್ರಮಕ್ಕೆ ತಾರೀಖು ಕೊಡಬೇಕು, ಪಕ್ಷಗಾರರು ಪ್ರತ್ಯೇಕ ಅರ್ಜಿ ಹಾಕುವವರೆಗೆ ಕಾಯಬಾರದು. ಒಂದೇ ಒಂದು ಸುಧಾರಣೆ ಆರಿಸು ಎಂದರೆ ಪಾಲು ದಾವೆಗಳ ಮಟ್ಟಿಗೆ ನಾನು ಇದನ್ನೇ ಆರಿಸುತ್ತೇನೆ. ಹೊಸ ಕಟ್ಟಡ ಬೇಡ, ಹೊಸ ಶಾಸನ ಬೇಡ, ಕಡತವನ್ನು ಮುಚ್ಚದಿದ್ದರೆ ಸಾಕು.

ಹಂಚಿಕೆಯ ಕೆಲಸದಲ್ಲಿ ಇನ್ನೊಂದು ಗಂಟಿದೆ. ಕಂದಾಯ ಕಟ್ಟುವ ಜಮೀನಿನ ಹಂಚಿಕೆಯನ್ನು ಕಲೆಕ್ಟರ್ ಮಾಡಬೇಕು ಎನ್ನುವುದು ಸಂಹಿತೆಯ 54ನೇ ಕಲಂನ ಮೂಲ ಪಾಠ. ಕರ್ನಾಟಕ ಅದನ್ನು ತಿದ್ದಿ, ಹಂಚಿಕೆಯನ್ನು ಕೋರ್ಟೇ ಮಾಡಬೇಕು, ಬೇಕಿದ್ದರೆ ತಹಶೀಲ್ದಾರ್ ದರ್ಜೆಗೆ ಕಡಿಮೆಯಿಲ್ಲದ ಕಂದಾಯ ಅಧಿಕಾರಿಯಿಂದ ಅಥವಾ ತಾನು ನೇಮಿಸಿದ ಕಮಿಷನರಿಂದ ವರದಿ ತರಿಸಿಕೊಳ್ಳಬಹುದು ಎಂದಿದೆ. ಒಳ್ಳೆಯ ತಿದ್ದುಪಡಿ. ಆದರೆ ಅಳೆಯುವ ಸರ್ವೆಯರ್ ಕೋರ್ಟಿನ ನೌಕರರಲ್ಲ, ಅವರ ಮುಂದೆ ಪೋಡಿ (ಸರ್ವೆ ನಂಬರಿನ ವಿಂಗಡಣೆ), ಹದ್ದುಬಸ್ತು (ಗಡಿ ಗುರುತಿಸುವಿಕೆ), ಸರ್ಕಾರಿ ಅಳತೆಗಳ ರಾಶಿಯೇ ಇರುತ್ತದೆ. "ಕಮಿಷನರ್ ವರದಿಗಾಗಿ" ಎಂಬ ಎರಡೇ ಪದದ ಮೇಲೆ ವರ್ಷ ಕಳೆಯುವುದು ಹೀಗೆ. ಪ್ರತಿ ಜಿಲ್ಲಾ ನ್ಯಾಯಾಲಯಕ್ಕೆ ಅದರದೇ ಸರ್ವೆಯರುಗಳನ್ನು ಕೊಡಿ ಎಂದು ಕೇಳುವುದು ಸಣ್ಣ ಬೇಡಿಕೆ ಎನಿಸಬಹುದು. ಪಾಲು ದಾವೆಗಳ ಮಟ್ಟಿಗೆ, ಇನ್ನಷ್ಟು ಹೈಕೋರ್ಟ್ ಪೀಠಗಳಿಗಿಂತ ಇದರಿಂದ ಹೆಚ್ಚು ಜನರಿಗೆ ಜಮೀನು ಸಿಗುತ್ತದೆ ಎಂದು ನನ್ನ ಖಚಿತ ಅಭಿಪ್ರಾಯ.

ಇನ್ನು ನೀವು ಮಾಡಬೇಕಾದದ್ದು. ಹೈಕೋರ್ಟಿನ ಎರಡನೇ ಮೇಲ್ಮನವಿಯಲ್ಲಿ ತಡೆಯಾಜ್ಞೆ ಇದೆಯೇ ಎಂದು ಇವತ್ತೇ ನೋಡಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ನಡವಳಿ ನಿಲ್ಲುವುದಿಲ್ಲ, ಸಂಹಿತೆಯ 41ನೇ ಆದೇಶದ 5ನೇ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ತಡೆ ಇಲ್ಲದಿದ್ದರೂ "ಹೈಕೋರ್ಟಿನಲ್ಲಿ ಬಾಕಿ ಇದೆ" ಎನ್ನುವ ಒಂದೇ ಮಾತಿನ ಮೇಲೆ ಎಫ್‌ಡಿಪಿಯನ್ನು ಮುಂದಕ್ಕೆ ಹಾಕಿಸುವುದು ಬಹಳ ಹಳೆಯ ಪಟ್ಟು. ಹೈಕೋರ್ಟಿನ ವೆಬ್‌ಸೈಟಿನಿಂದ ಪ್ರಕರಣದ ಸ್ಥಿತಿಯನ್ನು ತೆಗೆದು, ತಡೆಯಾಜ್ಞೆ ಇಲ್ಲವೆಂದು ಮೆಮೊ ಹಾಕಿಸಿ, ಜೊತೆಗೆ 2022ರ ತೀರ್ಪಿನ ಪ್ರತಿ ಇಡಿಸಿ. ತಡೆ ಇದ್ದರೆ, ಅದನ್ನು ತೆರವು ಮಾಡಲು ಅಥವಾ ಮೇಲ್ಮನವಿಯನ್ನು ಬೇಗ ಕೇಳಲು ಅಲ್ಲಿಯೇ ಅರ್ಜಿ ಹಾಕಿಸಿ. ಎರಡನೇ ಮೇಲ್ಮನವಿ ನಿಲ್ಲಬೇಕಾದರೆ ಕಾನೂನಿನ ಗಣನೀಯ ಪ್ರಶ್ನೆಯೊಂದು ಇರಬೇಕು. ವಿನೀತಾ ಶರ್ಮಾ ತೀರ್ಪಿನ ನಂತರ ನಿಮ್ಮ ಪಾಲಿನ ಬಗ್ಗೆ ಅಂಥ ಪ್ರಶ್ನೆ ಉಳಿದಿರುವುದು ಕಷ್ಟ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗ ಅಥವಾ ಕೋರ್ಟ್ ಡಿಕ್ರಿಯ ಮೂಲಕ ವಿಭಾಗ ಆಗಿತ್ತು ಎಂದು ಅವರು ತೋರಿಸಿದರೆ ಬೇರೆ ಮಾತು. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಹುಟ್ಟುವಳಿ. ಕೋರ್ಟಿನ ಮಾತಿನಲ್ಲಿ ಇದಕ್ಕೆ ಮೀನ್ ಪ್ರಾಫಿಟ್ಸ್ ಎನ್ನುತ್ತಾರೆ. ಡಿಕ್ರಿಯಲ್ಲಿ ಅದರ ಬಗ್ಗೆ ವಿಚಾರಣೆ ನಡೆಸಬೇಕೆಂಬ ಸಾಲು ಇದೆಯೇ ನೋಡಿ, ಇದ್ದರೆ ಆ ವಿಚಾರಣೆಗೆ ಈಗಲೇ ಅರ್ಜಿ ಹಾಕಿ. ಜೊತೆಗೆ, ಪ್ರಕರಣ ಮುಗಿಯುವವರೆಗೆ ತೋಟದ ಆದಾಯದಲ್ಲಿ ಮೂರನೇ ಒಂದನ್ನು ಕೋರ್ಟಿನಲ್ಲಿ ಠೇವಣಿ ಇಡಿಸಬೇಕು, ಇಡದಿದ್ದರೆ ರಿಸೀವರ್ (ಕೋರ್ಟಿನ ಪರವಾಗಿ ಆಸ್ತಿ ನೋಡಿಕೊಳ್ಳುವವರು) ನೇಮಿಸಬೇಕು ಎಂದು ಮಧ್ಯಂತರ ಅರ್ಜಿ ಕೊಡಿ. ಮರಗಳ ಸಂಖ್ಯೆ, ಇಳುವರಿ, ಎಪಿಎಂಸಿ ದರದ ಪಟ್ಟಿ ಲಗತ್ತಿಸಿ. ಅರ್ಜಿ ಮಂಜೂರಾದರೆ ಎಳೆಯುವುದರಲ್ಲಿದ್ದ ಲಾಭ ಅಂದೇ ನಿಲ್ಲುತ್ತದೆ. ಮಂಜೂರಾಗದಿದ್ದರೂ ಎದುರು ಪಕ್ಷಕ್ಕೆ ಮುಂದೆ ಕೊಡಬೇಕಾದ ಮೊತ್ತ ಕಣ್ಣಿಗೆ ಕಾಣತೊಡಗುತ್ತದೆ. ರಾಜಿಯ ಮಾತು ಸಾಮಾನ್ಯವಾಗಿ ಶುರುವಾಗುವುದು ಆಗಲೇ.

ರಾಜಿ ಎಂದಾಗ ಒಂದು ಎಚ್ಚರಿಕೆ. ಲೋಕ ಅದಾಲತ್ತಿನಲ್ಲಿ ಆದ ರಾಜಿಯ ಮೇಲೆ ಮೇಲ್ಮನವಿ ಇಲ್ಲ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ಆದ್ದರಿಂದ "ಏನೋ ಒಂದಿಷ್ಟು ತಗೊಂಡು ಸಹಿ ಹಾಕಮ್ಮ" ಎಂದು ಹಿರಿಯರು ಒತ್ತಾಯಿಸಿದರೆ ಸರ್ವೆ ನಂಬರ್, ವಿಸ್ತೀರ್ಣ, ದಾರಿ, ನೀರು ಎಲ್ಲವೂ ನಕ್ಷೆ ಸಮೇತ ಕಾಗದದಲ್ಲಿ ಬರುವವರೆಗೆ ಸಹಿ ಹಾಕಬೇಡಿ. ದೊಡ್ಡಣ್ಣನ ಹೆಂಡತಿಯ ಜೊತೆ ಪ್ರತ್ಯೇಕವಾಗಿ ಮಾತನಾಡಿ. ಬಹಳಷ್ಟು ಮನೆಗಳಲ್ಲಿ ಅವರೂ ಮೈದುನನ ಕೈಕೆಳಗೆ ಹುಟ್ಟುವಳಿ ಕಾಣದೆ ಕೂತಿರುತ್ತಾರೆ, ಹಂಚಿಕೆ ಬೇಗ ಆಗುವುದು ಅವರಿಗೂ ಬೇಕಿರುತ್ತದೆ. ಮೂರರಲ್ಲಿ ಇಬ್ಬರು ಪಾಲುದಾರರು ಹಂಚಿಕೆಗೆ ಸಿದ್ಧ ಎಂದು ಕೋರ್ಟಿನ ಮುಂದೆ ನಿಂತರೆ ನಡವಳಿಯ ಬಣ್ಣವೇ ಬದಲಾಗುತ್ತದೆ. ಊರಿನ ಮನೆಯನ್ನು ಮೂರು ಪಾಲು ಮಾಡಲಾಗದಿದ್ದರೆ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು ಸೇರಿ 1893ರ ವಿಭಾಗ ಕಾಯ್ದೆಯ ಪ್ರಕಾರ ಮಾರಿ ಹಣ ಹಂಚಲು ಕೇಳಬಹುದು. ಆ ಒಂದು ಮನೆಗಾಗಿ ಜಮೀನಿನ ಹಂಚಿಕೆಯನ್ನು ನಿಲ್ಲಿಸಿಕೊಳ್ಳಬೇಡಿ.

ಕೊನೆಗೆ, ಜನ ಮರೆಯುವ ಕೆಲಸ. ಅಂತಿಮ ಡಿಕ್ರಿಯಾದ ಮೇಲೆ ಅದನ್ನು ಛಾಪಾ ಕಾಗದದ ಮೇಲೆ ಬರೆಸಬೇಕು. ಅಮಲ್ಜಾರಿಗೆ, ಅಂದರೆ ಡಿಕ್ರಿಯನ್ನು ಕಾರ್ಯಗತಗೊಳಿಸಿಕೊಳ್ಳಲು, ಇರುವ 12 ವರ್ಷದ ಕಾಲಮಿತಿ ಡಿಕ್ರಿಯಾದ ದಿನದಿಂದಲೇ ಎಣಿಕೆಯಾಗುತ್ತದೆ, ಛಾಪಾ ಕಾಗದ ಕೊಟ್ಟ ದಿನದಿಂದ ಅಲ್ಲ. ಎದುರಿನವರು ಸ್ವಾಧೀನ ಬಿಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ. ಅದನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದು 2021ರ ರಾಹುಲ್ ಶಾ ತೀರ್ಪು ಹೇಳುತ್ತದೆ. ಆ ತೀರ್ಪಿನ ಪ್ರತಿಯನ್ನೂ ಅರ್ಜಿಯ ಜೊತೆ ಇಡಿಸಿ. ಸ್ವಾಧೀನ ಸಿಕ್ಕ ವಾರದಲ್ಲೇ ಡಿಕ್ರಿಯ ನಕಲಿನೊಂದಿಗೆ ಮ್ಯುಟೇಶನ್‌ಗೆ ಅರ್ಜಿ ಕೊಟ್ಟು, ಪಹಣಿಯಲ್ಲಿ ನಿಮ್ಮ ಹೆಸರು ಬಂದಿದೆಯೇ ಎಂದು ನೋಡಿಕೊಳ್ಳಿ.